ಬಾಗಿಲಿಗೆ ಪುಲ್-ಅಪ್ ಬಾರ್: ಚೌಕಟ್ಟಿನ ಪರೀಕ್ಷೆಯಿಂದ ಮೊದಲ ಎಳೆತದವರೆಗೆ

ದಂಡ ಹೊಡೆಯಲು, ಬಸ್ಕಿ ತೆಗೆಯಲು ಚಾಪೆ ಹಾಸುವಷ್ಟು ಜಾಗವಿದ್ದರೆ ಆಯಿತು. ಎದೆ, ತೋಳು, ತೊಡೆಗೆ ಬೇಕಾದಷ್ಟು ಕೆಲಸ ಸಿಗುತ್ತದೆ. ಬೆನ್ನಿಗೆ ಮಾತ್ರ ಅಷ್ಟು ಸಿಗುವುದಿಲ್ಲ. ಬೆನ್ನಿನ ದೊಡ್ಡ ಸ್ನಾಯುಗಳು ದುಡಿಯುವುದು ಏನನ್ನಾದರೂ ಎಳೆಯುವಾಗ, ಬರಿ ನೆಲದ ಮೇಲೆ ಎಳೆಯಲು ಏನೂ ಇರುವುದಿಲ್ಲ. ಮಲ್ಲಕಂಬವೋ ಹತ್ತುವ ಹಗ್ಗವೋ ಇರುವ ಕಡೆ ಈ ಕೊರತೆ ಕಾಣುವುದಿಲ್ಲ. ಮನೆಯ ಕೋಣೆಯಲ್ಲಿ ಅದನ್ನು ತುಂಬಲು ಅತಿ ಅಗ್ಗದ ದಾರಿ ಬಾಗಿಲಿಗೆ ಹಾಕುವ ಪುಲ್-ಅಪ್ ಬಾರ್, ಅಂದರೆ ಜೋತುಬಿದ್ದು ಗಲ್ಲ (ಗದ್ದ) ದಾಟುವವರೆಗೆ ಮೈಯನ್ನು ಮೇಲೆಳೆಯುವ ಅಡ್ಡ ಕೊಳವೆ. ಸೇನಾ ಭರ್ತಿಗೆ ತಯಾರಿ ನಡೆಸುವ ಹುಡುಗರು ಪುಲ್-ಅಪ್ ಅನ್ನೇ ‘ಬೀಮ್’ ಎನ್ನುತ್ತಾರೆ. ಅಲ್ಲಿ 6 ಎಳೆದರೆ 16 ಅಂಕ, 10 ಎಳೆದರೆ 40. ಹಾಗಾಗಿ ಇದು ಬರೀ ಮೈಕಟ್ಟಿನ ಶೋಕಿಯ ವಿಷಯವಲ್ಲ.

ಬಾರ್‌ನ ಡಬ್ಬದ ಮೇಲೆ 100 ಕೆಜಿ, 150 ಕೆಜಿ ಎಂದು ದೊಡ್ಡದಾಗಿ ಬರೆದಿರುತ್ತದೆ. ಆ ಅಂಕಿಯನ್ನು ನೋಡಿ ಕೊಂಡವರೇ ಹೆಚ್ಚಾಗಿ ಬೀಳುವುದು. ಉಕ್ಕಿನ ಕೊಳವೆ ಮುರಿಯುವುದು ತೀರಾ ಅಪರೂಪ. ಕೈಕೊಡುವುದು ಕೊಳವೆಯ ತುದಿ ಚೌಕಟ್ಟಿಗೆ ತಾಗುವ ಜಾಗ, ಇಲ್ಲವೇ ಚೌಕಟ್ಟೇ. ಆ ಎರಡರ ಬಗ್ಗೆ ಡಬ್ಬಕ್ಕೆ ಏನೂ ಗೊತ್ತಿರುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯ ಬಾಗಿಲುಗಳನ್ನು ಒಂದು ಸುತ್ತು ನೋಡಿಕೊಂಡು ಬನ್ನಿ.

ಯಾವ ಚೌಕಟ್ಟು ಆದೀತು

ಗಟ್ಟಿ ಮರದ ಚೌಕಟ್ಟು ಮಾತ್ರ ಆದೀತು. ತೇಗ, ಹೊನ್ನೆ, ಮತ್ತಿ, ಹಲಸು, ಸಾಲ್ ಯಾವುದಾದರೂ ಸರಿ, 4 ಇಂಚು ಅಗಲ, ಎರಡೂವರೆ ಇಂಚು ದಪ್ಪಕ್ಕಿಂತ ಕಡಿಮೆ ಇರಬಾರದು. ಹಳೆಯ ಪದ್ಧತಿಯಲ್ಲಿ ಗೋಡೆ ಕಟ್ಟುವಾಗಲೇ ಚೌಕಟ್ಟು ನಿಲ್ಲಿಸಿ, ಬದಿಗೆ ಸಾಮಾನ್ಯವಾಗಿ ಮೂರರಂತೆ ಕಬ್ಬಿಣದ ಹೋಲ್ಡ್‌ಫಾಸ್ಟ್ ಹೊಡೆದು, ಅವುಗಳನ್ನು ಇಟ್ಟಿಗೆಯ ನಡುವೆ ಕಾಂಕ್ರೀಟಿನಲ್ಲಿ ಹೂಳಿರುತ್ತಾರೆ. ಇಂಥ ಚೌಕಟ್ಟು ಅಲುಗುವುದಿಲ್ಲ. ಈಚಿನ ಅಪಾರ್ಟ್‌ಮೆಂಟುಗಳಲ್ಲಿ ಪ್ಲಾಸ್ಟರಿಂಗ್ ಮುಗಿದ ಮೇಲೆ ಚೌಕಟ್ಟನ್ನು ಕೂರಿಸಿ, ಸುತ್ತಲಿನ ಸಂದಿಗೆ ಫೋಮ್ ತುಂಬಿ, ನಾಲ್ಕಾರು ಸ್ಕ್ರೂ ಹಾಕಿ ಮುಗಿಸುವುದೂ ಉಂಟು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ವ್ಯತ್ಯಾಸ ತಿಳಿಯಲು ಬೆರಳ ಗೆಣ್ಣಿನಿಂದ ಚೌಕಟ್ಟನ್ನು ಕೆಳಗಿನಿಂದ ಮೇಲಿನವರೆಗೆ ತಟ್ಟುತ್ತಾ ಹೋಗಿ. ಗೋಡೆಗೆ ಕಚ್ಚಿಕೊಂಡ ಚೌಕಟ್ಟಿನ ಸದ್ದು ಮಂದವಾಗಿ ಒಂದೇ ಸಮ ಇರುತ್ತದೆ; ಹಿಂದೆ ಪೊಳ್ಳಿದ್ದರೆ ಡಬಡಬ ಎನ್ನುತ್ತದೆ. ಆಮೇಲೆ ಚೌಕಟ್ಟಿಗೂ ಪ್ಲಾಸ್ಟರಿಗೂ ನಡುವಿನ ಗೆರೆ ನೋಡಿ. ಅಲ್ಲಿ ಉದ್ದಕ್ಕೂ ಬಿರುಕು ಬಿಟ್ಟಿದ್ದು, ಅಂಗೈಯಿಂದ ಚೌಕಟ್ಟನ್ನು ಬಲವಾಗಿ ನೂಕಿದಾಗ ಬಿರುಕು ಅಗಲವಾದರೆ ಆ ಬಾಗಿಲನ್ನು ಬಿಟ್ಟುಬಿಡಿ. ಕೊನೆಗೆ ಸ್ಕ್ರೂಡ್ರೈವರಿನ ಮೊನೆಯಿಂದ ನೆಲದ ಹತ್ತಿರ ನಾಲ್ಕು ಕಡೆ ಒತ್ತಿ. ಗೆದ್ದಲು ಹಿಡಿದಿದ್ದರೆ ಬಣ್ಣದ ಪದರ ಹಾಗೇ ಇದ್ದು ಒಳಗೆ ಮರ ಪುಡಿಯಾಗಿರುತ್ತದೆ, ಮೊನೆ ಸಲೀಸಾಗಿ ಇಳಿಯುತ್ತದೆ.

ಬೇಡವಾದವು: ಬಚ್ಚಲುಮನೆಯ ಪಿವಿಸಿ ಮತ್ತು ಡಬ್ಲ್ಯುಪಿಸಿ (ಮರದ ಪುಡಿ ಬೆರೆಸಿದ ಪ್ಲಾಸ್ಟಿಕ್) ಚೌಕಟ್ಟು ಒತ್ತಡಕ್ಕೆ ಬಾಗುತ್ತವೆ. ಗ್ರಾನೈಟ್ ಚೌಕಟ್ಟಿನ ನುಣುಪಿನ ಮೇಲೆ ರಬ್ಬರ್ ನಿಲ್ಲುವುದಿಲ್ಲ. ಒಳಗೆ ಪೊಳ್ಳಿರುವ ಉಕ್ಕಿನ ತಗಡಿನ ಚೌಕಟ್ಟು ನೆಗ್ಗುತ್ತದೆ. ಸಿಮೆಂಟಿನ ಅಚ್ಚಿನ ಚೌಕಟ್ಟಿಗೆ ಅಂಚಿನ ಹತ್ತಿರ ರಂಧ್ರ ಕೊರೆದರೆ ಸೀಳುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ಭದ್ರವಾದದ್ದು ಹೆಬ್ಬಾಗಿಲಿನ ಚೌಕಟ್ಟೇ. ಆದರೆ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಮೇಲೆ ತೋರಣ ಕಟ್ಟುವ ಮನೆಯಲ್ಲಿ ಅದಕ್ಕೆ ಜೋತುಬೀಳುವುದನ್ನು ಹಿರಿಯರು ಒಪ್ಪುವುದಿಲ್ಲ. ವಾದಕ್ಕಿಳಿಯದೆ ಮಲಗುವ ಕೋಣೆಯ ಬಾಗಿಲಿಗೆ ಹೋಗಿ.

ಎರಡು ಬಗೆಯ ಬಾರ್, ನಮ್ಮ ಮನೆಗಳಿಗೆ ಒಂದೇ

ವಿಡಿಯೋಗಳಲ್ಲಿ ಹೆಚ್ಚಾಗಿ ಕಾಣುವುದು ಕೊಕ್ಕೆಯಂತೆ ಸಿಕ್ಕಿಸುವ ಬಗೆ. ಅದರ ಹಿಂದಿನ ಅಡ್ಡಪಟ್ಟಿ ಬಾಗಿಲಿನ ಆಚೆಬದಿಯಲ್ಲಿ ಚೌಕಟ್ಟಿನ ನೆತ್ತಿಯ ಮೇಲಿರುವ ಮರದ ಪಟ್ಟಿಯ ಮೇಲೆ ಕೂರುತ್ತದೆ, ಮುಂದಿನ ಕೊಳವೆ ಈಚೆಬದಿಗೆ ಒತ್ತಿಕೊಳ್ಳುತ್ತದೆ. ನೀವು ಜೋತುಬಿದ್ದಷ್ಟೂ ಬಿಗಿಯಾಗುತ್ತದೆ. ಅಮೆರಿಕದ ಮರದ ಮನೆಗಳಲ್ಲಿ ಬಾಗಿಲಿನ ಸುತ್ತ ದಪ್ಪ ಪಟ್ಟಿ ಇರುತ್ತದೆ, ಗೋಡೆಯೂ ತೆಳು. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದೇ ಅನುಕೂಲ, ಒಂದು ಸ್ಕ್ರೂ ಸಹ ಬೇಡ. ನಮ್ಮಲ್ಲಿ ಒಳಗೋಡೆಯೇ ಪ್ಲಾಸ್ಟರ್ ಸೇರಿ ಐದೂವರೆ ಇಂಚು, ಹೊರಗೋಡೆ 9 ಇಂಚಿನ ಮೇಲೆ. ಚೌಕಟ್ಟು ಸಾಮಾನ್ಯವಾಗಿ ಒಂದು ಬದಿಯಲ್ಲಿ ಗೋಡೆಗೆ ಸಮವಾಗಿರುತ್ತದೆ, ಕೊಕ್ಕೆ ಕೂರಲು ಅಂಚೇ ಇರುವುದಿಲ್ಲ. ಕೆಲವು ಮನೆಗಳಲ್ಲಿ ಇರುವ ಪಟ್ಟಿ ಚೌಕಟ್ಟಿಗೂ ಪ್ಲಾಸ್ಟರಿಗೂ ನಡುವಿನ ಸಂದಿ ಮುಚ್ಚಲು ಸಣ್ಣ ಮೊಳೆಯಿಂದ ಹೊಡೆದದ್ದು. ಅದು ಅಂದಕ್ಕೆ ಇರುವ ಪಟ್ಟಿ, ಮನುಷ್ಯನ ಭಾರ ಹೊರುವುದಿಲ್ಲ.

ಉಳಿಯುವುದು ಎರಡು ಬದಿಯ ನಡುವೆ ತಿರುಗಿಸಿ ಬಿಗಿಸುವ ಬಗೆ. ಒಂದರೊಳಗೊಂದು ಸೇರುವ ಎರಡು ಕೊಳವೆ, ಒಳಗೆ ಸ್ಕ್ರೂವಿನಂಥ ಥ್ರೆಡ್, ತುದಿಗಳಲ್ಲಿ ರಬ್ಬರ್ ಪ್ಯಾಡ್. ಬರೀ ಬಿಗಿತದ ಮೇಲೆ ನಿಲ್ಲುವ ಬಾರ್ ಎಷ್ಟು ಒತ್ತಬೇಕೆಂದು ಲೆಕ್ಕ ಹಾಕಿ ನೋಡಿ. 70 ಕೆಜಿ ತೂಕದವರು ಅಲುಗದೆ ಜೋತುಬಿದ್ದರೆ ಪ್ರತಿ ತುದಿಗೆ 35 ಕೆಜಿ. ಕೆಳಗಿಳಿದು ತಟ್ಟನೆ ನಿಂತರೆ ಅದು ಸುಲಭವಾಗಿ ಒಂದೂವರೆ ಪಟ್ಟಾಗಿ 50 ಕೆಜಿ ದಾಟುತ್ತದೆ. ರಬ್ಬರಿಗೂ ಬಣ್ಣ ಬಳಿದ ಮರಕ್ಕೂ ನಡುವಿನ ಘರ್ಷಣೆಯ ಗುಣಾಂಕ 0.5 ಎಂದುಕೊಂಡರೆ, ಜಾರದೆ ನಿಲ್ಲಲು ಪ್ರತಿ ತುದಿ ಚೌಕಟ್ಟನ್ನು 100 ಕೆಜಿಗೂ ಹೆಚ್ಚಿನ ಬಲದಿಂದ ಪಕ್ಕಕ್ಕೆ ನೂಕುತ್ತಿರಬೇಕು. ಅಷ್ಟು ಬಿಗಿಸಿದರೆ ದುರ್ಬಲ ಚೌಕಟ್ಟು ಪಕ್ಕಕ್ಕೆ ಬಾಗುತ್ತದೆ, ಬಿಗಿಸದಿದ್ದರೆ ಬಾರ್ ಜಾರುತ್ತದೆ.

ಅದಕ್ಕೇ ಜೊತೆಯಲ್ಲಿ ಎರಡು ಲೋಹದ ಕಪ್ ಕೊಡುವ ಬಾರ್ ಅನ್ನೇ ಕೊಳ್ಳಿ. ಈ ಕಪ್‌ಗಳನ್ನು ಚೌಕಟ್ಟಿಗೆ ಸ್ಕ್ರೂ ಮಾಡಿ, ಬಾರ್‌ನ ತುದಿಗಳನ್ನು ಅವುಗಳ ಒಳಗೆ ಕೂರಿಸಬೇಕು. ಆಗ ಭಾರ ಹೊರುವುದು ಸ್ಕ್ರೂ, ಬಿಗಿತದ ಕೆಲಸ ಬಾರ್ ಗಲಗಲ ಅನ್ನದಂತೆ ಹಿಡಿಯುವುದಷ್ಟೇ. ಪ್ಲಾಸ್ಟಿಕ್ ಕಪ್ ಬೇಡ. ‘ಸ್ಕ್ರೂ ಬೇಕಿಲ್ಲ, ಡ್ರಿಲ್ ಬೇಕಿಲ್ಲ’ ಎಂಬ ಜಾಹೀರಾತನ್ನು ಮಗುವಿನ ಬಟ್ಟೆ ಒಣಗಿಸುವ ಕೋಲಿಗೆ ಅನ್ವಯಿಸಿಕೊಳ್ಳಿ, ನಿಮ್ಮ ಬೆನ್ನುಮೂಳೆಗೆ ಬೇಡ.

ಬಾಡಿಗೆ ಮನೆಯವರು ಮೊದಲು ಮಾಲೀಕರನ್ನು ಕೇಳಿ. ಬಿಡುವಾಗ ಆರೆಂಟು ರಂಧ್ರಕ್ಕೆ ಮರದ ಪುಟ್ಟಿ ತುಂಬಿ ಬಣ್ಣ ಹಚ್ಚುವುದು ಅರ್ಧ ಗಂಟೆಯ ಕೆಲಸ ಎಂದು ವಿವರಿಸಿದರೆ ಹಲವರು ಒಪ್ಪುತ್ತಾರೆ. ಒಪ್ಪದಿದ್ದರೆ ಹತ್ತಿರದ ಪಾರ್ಕಿನ ಕಬ್ಬಿಣದ ಕಂಬಿಯೇ ವಾಸಿ.

ಅಳತೆ

ಮೂರು ಅಳತೆ ಬೇಕು.

ಮೊದಲನೆಯದು ಅಗಲ. ಚೌಕಟ್ಟಿನ ಒಳಮೈಯಿಂದ ಒಳಮೈಗೆ, ಬಾರ್ ಕೂರುವ ಎತ್ತರದಲ್ಲೇ ಅಳೆಯಿರಿ. 3 ಅಡಿ ಬಾಗಿಲಿನಲ್ಲಿ ಎರಡೂ ಬದಿಯ ಮರ ಕಳೆದು ಸುಮಾರು 31 ಇಂಚು ಸಿಗುತ್ತದೆ. ಬಾರ್‌ನ ಕನಿಷ್ಠ ಮತ್ತು ಗರಿಷ್ಠ ಉದ್ದದ ನಡುವೆ ನಿಮ್ಮ ಅಳತೆ ಕನಿಷ್ಠದ ಕಡೆಗೆ ವಾಲಿರಲಿ. ಥ್ರೆಡ್ ಹೊರಗೆ ಚಾಚಿದಷ್ಟೂ ಒಳಗೆ ಕಚ್ಚಿಕೊಂಡಿರುವ ಭಾಗ ಕಡಿಮೆಯಾಗಿ ನಡುವಿನಲ್ಲಿ ಬಾಗುತ್ತದೆ. ಕೊಳವೆಯ ಮೇಲೆ ಎಚ್ಚರಿಕೆಯ ಗೆರೆ ಇದ್ದರೆ ಅದನ್ನು ಎಂದೂ ದಾಟಿಸಬೇಡಿ.

ಎರಡನೆಯದು ಸಮತಟ್ಟಾದ ಜಾಗ. ಚೌಕಟ್ಟಿನಲ್ಲಿ ಬಾಗಿಲು ಬಂದು ಕೂರುವ ಕಚ್ಚು ಇರುತ್ತದೆ. 4 ಇಂಚಿನ ಚೌಕಟ್ಟಿನಲ್ಲಿ ಆ ಕಚ್ಚು 30ರಿಂದ 35 ಮಿಲಿಮೀಟರ್ ತಿಂದು, ಉಳಿಯುವುದು 65 ಮಿಲಿಮೀಟರ್ ಆಸುಪಾಸು. ಪ್ಯಾಡ್ ಅಥವಾ ಕಪ್ ಅದಕ್ಕಿಂತ ಅಗಲವಿದ್ದರೆ ಅರ್ಧ ಗಾಳಿಯಲ್ಲಿ ನಿಲ್ಲುತ್ತದೆ, ಬಾಗಿಲೂ ಮುಚ್ಚುವುದಿಲ್ಲ. ಕಪ್‌ನ ವ್ಯಾಸವನ್ನು ಕೊಳ್ಳುವ ಮೊದಲೇ ಕೇಳಿ. ಸರಿಯಾಗಿ ಕೂರಿಸಿದ ಬಾರ್ ಇದ್ದಾಗಲೂ ಬಾಗಿಲು ಪೂರ್ತಿ ಮುಚ್ಚಿ ಚಿಲಕ ಹಾಕಬಹುದು.

ಮೂರನೆಯದು ಎತ್ತರ; ಬಹಳ ಜನ ತಪ್ಪುವುದು ಇಲ್ಲಿ. ಆದಷ್ಟು ಮೇಲೆ ಹಾಕಿದರೆ ಕಾಲು ಚಾಚಬಹುದು ಎಂದು ಚೌಕಟ್ಟಿನ ನೆತ್ತಿಗೆ 4 ಇಂಚು ಬಿಟ್ಟು ಹಾಕುತ್ತಾರೆ. ಗಲ್ಲದಿಂದ ನೆತ್ತಿಗೆ ವಯಸ್ಕರಲ್ಲಿ ಸುಮಾರು 9 ಇಂಚು. ಗಲ್ಲ ಬಾರ್ ದಾಟಬೇಕಾದರೆ ಬಾರ್‌ನ ಮೇಲೆ ಕನಿಷ್ಠ 11ರಿಂದ 12 ಇಂಚು ತೆರವಿರಬೇಕು, ಇಲ್ಲವಾದರೆ ಹಣೆ ಮರಕ್ಕೆ ಬಡಿಯುತ್ತದೆ. 7 ಅಡಿ ಬಾಗಿಲಿನಲ್ಲಿ ಒಳಗಿನ ಎತ್ತರ ಸುಮಾರು 81 ಇಂಚು. 12 ಕಳೆದರೆ ಬಾರ್ 69 ಇಂಚಿಗೆ, ಅಂದರೆ 5 ಅಡಿ 9 ಇಂಚಿಗೆ ಬರುತ್ತದೆ. ಹಾಗಾಗಿ ಮೊಣಕಾಲು ಹಿಂದಕ್ಕೆ ಮಡಚಿಯೇ ಎಳೆಯಬೇಕು. ಐದೂವರೆ ಅಡಿ ಎತ್ತರದವರಿಗೆ ಮಡಚಿದ ಮೊಣಕಾಲಿನ ಕೆಳಗೆ ಆರೇಳು ಇಂಚು ಉಳಿಯುತ್ತದೆ. 6 ಅಡಿಯವರಿಗೆ ಎರಡೇ ಇಂಚು. ಅಂಥವರು ತೆರವನ್ನು 10 ಇಂಚಿಗೆ ಇಳಿಸಿಕೊಂಡು ಮೇಲೇರುವಾಗ ತಲೆಯನ್ನು ತುಸು ಹಿಂದೆ ಇಟ್ಟುಕೊಳ್ಳಬೇಕಾಗುತ್ತದೆ.

ಜೋಡಿಸುವುದು

ಬೇಕಾಗುವ ಸಾಮಾನು: ಡ್ರಿಲ್ ಯಂತ್ರ, ಮರಕ್ಕೆ ಹಾಕುವ 3.5 ಮಿಲಿಮೀಟರ್ ಬಿಟ್, ರಸಮಟ್ಟ, ಪೆನ್ಸಿಲ್, ಟೇಪು, 10 ನಂಬರಿನ 2 ಇಂಚಿನ ಮರದ ಸ್ಕ್ರೂ ಕಪ್‌ನ ರಂಧ್ರಗಳಿಗೆ ಬೇಕಾದಷ್ಟು. ಡಬ್ಬದಲ್ಲಿ ಬರುವ ಒಂದಿಂಚಿನ ಸ್ಕ್ರೂಗಳನ್ನು ಬದಿಗಿಡಿ. ಅವು ಬಣ್ಣ ದಾಟಿ ಮರಕ್ಕೆ ಇಳಿಯುವುದೇ ಅರ್ಧ ಇಂಚು.

1. ಒಂದು ಬದಿಯಲ್ಲಿ ಎತ್ತರ ಗುರುತು ಮಾಡಿ. ಇನ್ನೊಂದು ಬದಿಗೆ ನೆಲದಿಂದ ಅಳೆಯಬೇಡಿ, ನೆಲದಲ್ಲಿ ಇಳಿಜಾರಿರಬಹುದು. ಬಾರ್ ಅನ್ನೇ ಅಡ್ಡ ಹಿಡಿದು ಮೇಲೆ ರಸಮಟ್ಟ ಇಟ್ಟು ಗುಳ್ಳೆ ನಡುವಿಗೆ ಬಂದಾಗ ಗುರುತು ಹಾಕಿ.

2. ಕಪ್ ಇಟ್ಟು ರಂಧ್ರಗಳ ಜಾಗ ಗುರುತಿಸಿ. ಎಲ್ಲ ರಂಧ್ರವೂ ಚೌಕಟ್ಟಿನ ಅಂಚಿನಿಂದ ಮುಕ್ಕಾಲು ಇಂಚಾದರೂ ಒಳಗಿರಲಿ. ಅಂಚಿಗೆ ಹತ್ತಿರವಾದರೆ ಮರ ಎಳೆಗುಂಟ ಸೀಳುತ್ತದೆ.

3. 3.5 ಮಿಲಿಮೀಟರ್ ಬಿಟ್‌ನಿಂದ ಒಂದೂಮುಕ್ಕಾಲು ಇಂಚು ಆಳ ಕೊರೆಯಿರಿ. ಆಳ ತಿಳಿಯಲು ಬಿಟ್‌ಗೆ ಆ ಅಳತೆಯಲ್ಲಿ ಬಣ್ಣದ ಟೇಪು ಸುತ್ತಿಕೊಳ್ಳಿ. ಕೊರೆಯದೆ ನೇರ ಸ್ಕ್ರೂ ಹಾಕಿದರೆ ಮತ್ತಿ, ಸಾಲ್‌ನಂಥ ಮರದಲ್ಲಿ ಅರ್ಧಕ್ಕೆ ಹೋಗಿ ತಲೆ ಮುರಿಯುತ್ತದೆ.

4. ಸ್ಕ್ರೂಗೆ ಬಟ್ಟೆ ಸೋಪು ಅಥವಾ ಮೇಣ ಉಜ್ಜಿ ಕೈಯಿಂದಲೇ ಕೊನೆಯ ಸುತ್ತು ಬಿಗಿಸಿ. ಯಂತ್ರದಿಂದ ಕೊನೆಯವರೆಗೆ ತಿರುಗಿಸಿದರೆ ಮರದೊಳಗಿನ ಎಳೆ ಕಿತ್ತು ಸ್ಕ್ರೂ ಸುಮ್ಮನೆ ಸುತ್ತಲಾರಂಭಿಸುತ್ತದೆ. ಹಾಗೆ ಸುತ್ತಿದ ರಂಧ್ರ ಹೋಯಿತು ಎಂದೇ ಲೆಕ್ಕ. ಬೆಂಕಿಕಡ್ಡಿ ತುರುಕಿ ಸಮಾಧಾನಪಡಬೇಡಿ, ಕಪ್ ಅನ್ನು ತುಸು ತಿರುಗಿಸಿ ಹೊಸದಾಗಿ ಕೊರೆಯಿರಿ.

5. ಬಾರ್ ಅನ್ನು ಕಪ್‌ಗಳ ನಡುವೆ ಇಟ್ಟು ತಿರುಗಿಸುತ್ತಾ ಹೋಗಿ. ಎರಡೂ ತುದಿ ತಾಗಿದ ಮೇಲೆ ಕೈಬಲದಿಂದ ಇನ್ನು ಅರ್ಧ ಸುತ್ತು ಸಾಕು. ಲಾಕ್ ಇದ್ದರೆ ಹಾಕಿ. ಸ್ಪ್ಯಾನರ್ ಹಾಕಿ ಬಿಗಿಸುವ ಚಪಲ ಬೇಡ, ಚೌಕಟ್ಟು ಹೊರಬಾಗಿ ಬಾಗಿಲಿನ ಚಿಲಕ ಸೇರದಂತಾಗುತ್ತದೆ.

6. ಕಪ್‌ನ ಸುತ್ತ ಮರದ ಮೇಲೆ ತೆಳುವಾಗಿ ಪೆನ್ಸಿಲ್ ಗೆರೆ ಎಳೆದಿಡಿ. ಮುಂದೆ ಎಂದಾದರೂ ಕಪ್ ಕೂದಲೆಳೆಯಷ್ಟು ಇಳಿದರೂ ಗೆರೆ ಹೇಳುತ್ತದೆ.

ಈಗ ಭಾರ ಹಾಕುವ ಪರೀಕ್ಷೆ. ಮೊದಲು ಕಾಲು ನೆಲದಲ್ಲೇ ಇಟ್ಟು ನಿಧಾನಕ್ಕೆ ಮೊಣಕಾಲು ಬಾಗಿಸಿ ಅರ್ಧ ಭಾರ ಬಿಡಿ. ಕರಕರ ಸದ್ದು ಬರುತ್ತದೆಯೇ ಕೇಳಿ. ಆಮೇಲೆ ಪೂರ್ತಿ ಜೋತುಬಿದ್ದು 10 ಸೆಕೆಂಡ್. ಇಳಿದು ಗೆರೆ ನೋಡಿ. ಮತ್ತೆ ಜೋತುಬಿದ್ದು ಮೈಯನ್ನು ಅಂಗೈ ಅಗಲದಷ್ಟು ಹಿಂದೆ ಮುಂದೆ ಮೆಲ್ಲಗೆ ತೂಗಿ. ಮತ್ತೆ ಗೆರೆ ನೋಡಿ. ಮನೆಯಲ್ಲಿ ನಿಮಗಿಂತ ಭಾರದವರು ಬಳಸುವುದಿದ್ದರೆ ಈ ಪರೀಕ್ಷೆ ಅವರೇ ಮಾಡಬೇಕು.

ಬಿದ್ದರೆ ಎಲ್ಲಿ ಬೀಳುತ್ತೀರಿ ಎಂಬುದನ್ನೂ ಈಗಲೇ ನೋಡಿ. ಕಾಲು ಮಡಚಿ ಜೋತುಬಿದ್ದವರು ಬೀಳುವುದು ಮೊಣಕಾಲಿನ ಮೇಲೆ ಅಥವಾ ಹಿಂದಕ್ಕೆ. ಹಿಂಬದಿಯ 5 ಅಡಿಯಲ್ಲಿ ಮಂಚದ ಅಂಚು, ಟೀಪಾಯಿ, ಗಾಜಿನ ಬೀರು ಇರಬಾರದು. ಕೆಳಗೆ ಜಮಖಾನವನ್ನು ನಾಲ್ಕು ಮಡಿಕೆ ಮಾಡಿ ಹಾಸಿ ಅಥವಾ ದಪ್ಪ ಯೋಗ ಮ್ಯಾಟ್ ಹಾಕಿ. ಮೆತ್ತನೆ ಹಾಸಿಗೆ ಬೇಡ, ಅದರ ಮೇಲೆ ಇಳಿದರೆ ಪಾದ ಹೊರಳುತ್ತದೆ. ಬಾಗಿಲ ಹಲಗೆ ಗಾಳಿಗೆ ಬಡಿಯದಂತೆ ತಡೆ ಇಡಿ. ಮಕ್ಕಳಿರುವ ಮನೆಯಲ್ಲಿ ವ್ಯಾಯಾಮ ಮುಗಿದ ತಕ್ಷಣ ಬಾರ್ ಕಳಚಿಡಿ. ಕಪ್ ಮಾತ್ರ ಅಲ್ಲೇ ಇರಲಿ.

ಹಿಡಿತ

ಬಾಗಿಲ ಬಾರ್‌ನಲ್ಲಿ ಕೈ ಅಗಲಿಸಿ ಎಳೆಯಲು ಜಾಗವಿಲ್ಲ, ಅದರಿಂದ ನಷ್ಟವೂ ಇಲ್ಲ. ಭುಜದಷ್ಟು ಅಗಲದ ಹಿಡಿತ ಕೀಲುಗಳಿಗೆ ಹಿತ. ಕಿರುಬೆರಳಿಗೂ ಚೌಕಟ್ಟಿಗೂ ನಡುವೆ ಮೂರು ಬೆರಳಷ್ಟು ಜಾಗ ಬಿಡಿ, ಇಲ್ಲವಾದರೆ ಗೆಣ್ಣು ಉಜ್ಜಿ ಸುಲಿಯುತ್ತದೆ. ಅಂಗೈ ನಿಮ್ಮ ಮುಖದ ಕಡೆಗಿದ್ದರೆ ತೋಳಿನ ಮುಂಭಾಗದ ಸ್ನಾಯು ಹೆಚ್ಚು ಕೈಹಾಕುತ್ತದೆ, ಎಳೆಯುವುದು ಸುಲಭ. ಕಲಿಯುವವರು ಇಲ್ಲಿಂದ ಶುರುಮಾಡಲಿ. ಇದಕ್ಕೆ ಚಿನ್-ಅಪ್ ಎನ್ನುತ್ತಾರೆ. ಅಂಗೈ ಆಚೆಗಿದ್ದರೆ ಪುಲ್-ಅಪ್, ಬೆನ್ನಿಗೂ ಮುಂಗೈಗೂ ಹೆಚ್ಚು ಕಷ್ಟ.

ಬಾರ್ ಅನ್ನು ಅಂಗೈಯ ನಡುವೆ ಹಿಡಿಯಬೇಡಿ. ಬೆರಳಿನ ಬುಡದ ಗೆರೆಯಲ್ಲಿ ಕೂರಿಸಿ ಹೆಬ್ಬೆರಳನ್ನು ಸುತ್ತಿ ತನ್ನಿ. ನಡುವೆ ಹಿಡಿದರೆ ಭಾರಕ್ಕೆ ಬಾರ್ ಬೆರಳ ಕಡೆಗೆ ಜಾರುತ್ತಾ ಚರ್ಮವನ್ನು ಮಡಚಿ ಗುಳ್ಳೆ ಎಬ್ಬಿಸುತ್ತದೆ. ಜಡ್ಡುಗಟ್ಟುವುದು ಸಹಜ; ಸ್ನಾನದ ನಂತರ ಹಿಮ್ಮಡಿ ಉಜ್ಜುವ ಕಲ್ಲಿನಿಂದ ಸವರಿ ಸಮ ಮಾಡುತ್ತಿದ್ದರೆ ಕಿತ್ತು ಬರುವುದಿಲ್ಲ.

ತಿರುಗಿಸುವ ಬಾರ್‌ಗಳಲ್ಲಿ ಯಾರೂ ಹೇಳದ ಒಂದು ಸಂಗತಿ ಇದೆ. ಒಂದು ಕೊಳವೆ ಇನ್ನೊಂದರ ಒಳಗೆ ಸೇರುವುದರಿಂದ ಎಡಕ್ಕೂ ಬಲಕ್ಕೂ ದಪ್ಪ ಬೇರೆ. ಯಾವಾಗಲೂ ಒಂದೇ ಬದಿಯಿಂದ ಎಳೆದರೆ ಒಂದು ಕೈಗೆ ಸದಾ ದಪ್ಪ ಭಾಗವೇ ಸಿಗುತ್ತದೆ. ಪ್ರತಿ ಸುತ್ತಿಗೂ ಬಾಗಿಲಿನ ಆಚೆಬದಿಗೆ ಹೋಗಿ ನಿಂತು ಕೈ ಬದಲಾಯಿಸಿ. ಮೇಲಿನ ಫೋಮ್ ಬೆವರಿಗೆ ನೆನೆದು ಕೊಳವೆಯ ಮೇಲೆ ತಿರುಗಲು ಶುರುವಾದರೆ ಕತ್ತರಿಸಿ ತೆಗೆದು ಬ್ಯಾಡ್ಮಿಂಟನ್ ರ‍್ಯಾಕೆಟಿಗೆ ಸುತ್ತುವ ಗ್ರಿಪ್ ಟೇಪು ಸುತ್ತಿ. ನೂರಿನ್ನೂರು ರೂಪಾಯಿಯಲ್ಲಿ ಮುಗಿಯುತ್ತದೆ, ಹಿಡಿತ ಎಷ್ಟೋ ಪಾಲು ಮೇಲು.

ಒಂದೂ ಎಳೆಯಲಾಗದವರು ಎಲ್ಲಿಂದ ಶುರುಮಾಡಬೇಕು

ವಯಸ್ಕರಲ್ಲಿ ಬಹುಪಾಲು ಜನ ಮೊದಲ ದಿನ ಒಂದೂ ಎಳೆಯಲಾರರು. ಕಾಲು ಒದೆದು, ಮೈ ಝಾಡಿಸಿ ಗಲ್ಲ ಮುಟ್ಟಿಸುವುದಕ್ಕಿಂತ ಕೆಳಗಿನ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ. ವಾರಕ್ಕೆ ಮೂರು ದಿನ, ನಡುವೆ ಒಂದಾದರೂ ಬಿಡುವಿನ ದಿನ. ಸೋಮ, ಬುಧ, ಶುಕ್ರ ಎಂದಿಟ್ಟುಕೊಳ್ಳಿ. ಪ್ರತಿ ಸಲ 5 ನಿಮಿಷ ತೋಳು, ಭುಜ, ಮಣಿಕಟ್ಟು ತಿರುಗಿಸಿ, ಹತ್ತು ದಂಡ ಹೊಡೆದು ಮೈ ಬಿಸಿ ಮಾಡಿಕೊಂಡ ಮೇಲೆ ಬಾರ್ ಮುಟ್ಟಿ.

ಜೋತುಬೀಳುವುದು ಮೊದಲನೆಯದು. ಮೊಣಕೈ ನೇರ, ಕಾಲು ಹಿಂದೆ ಮಡಚಿ, ಉಸಿರು ಕಟ್ಟದೆ 15 ಸೆಕೆಂಡ್, ಮೂರು ಸುತ್ತು. ಆಗದಿದ್ದರೆ ಕಾಲ್ಬೆರಳ ತುದಿಯಲ್ಲಿ ನೆಲ ಮುಟ್ಟಿ ಸ್ವಲ್ಪ ಭಾರ ಇಳಿಸಿಕೊಳ್ಳಿ. ಪ್ರತಿ ವಾರ 5 ಸೆಕೆಂಡ್ ಸೇರಿಸುತ್ತಾ 30ಕ್ಕೆ ಬನ್ನಿ. ಮುಂಗೈ ಮತ್ತು ಬೆರಳುಗಳು ಗಟ್ಟಿಯಾಗದೆ ಬೆನ್ನಿಗೆ ಕೆಲಸವೇ ತಲುಪುವುದಿಲ್ಲ, ಅಷ್ಟರಲ್ಲಿ ಕೈ ಬಿಟ್ಟಿರುತ್ತದೆ.

ಎರಡನೆಯದು ಭುಜ ಇಳಿಸುವುದು. ಜೋತುಬಿದ್ದಾಗ ಭುಜ ಕಿವಿಯ ಹತ್ತಿರ ಏರಿರುತ್ತದೆ. ಮೊಣಕೈ ಬಾಗಿಸದೆ, ಬೆನ್ನಿನ ಮೇಲ್ಭಾಗದ ಎರಡು ಚಪ್ಪಟೆ ಹೆಗಲೆಲುಬುಗಳನ್ನು ಕೆಳಗೆ, ತುಸು ಹತ್ತಿರಕ್ಕೆ ಎಳೆದುಕೊಳ್ಳಿ. ಮೈ ಎರಡಿಂಚು ಮೇಲೇರಿದರೆ ಸರಿ ಮಾಡುತ್ತಿದ್ದೀರಿ. 8 ಸಲ, ಮೂರು ಸುತ್ತು. ನೋಡಲು ಏನೂ ಆಗದಂತೆ ಕಾಣುವ ಈ ಚಲನೆಯನ್ನು ಬಿಟ್ಟವರ ಭುಜವೇ ಮುಂದೆ ನೋಯುವುದು. ಪ್ರತಿ ಎಳೆತದ ಮೊದಲ ಹೆಜ್ಜೆ ಇದೇ.

ಮೂರನೆಯದು ನಿಧಾನ ಇಳಿತ, ಬಲ ಬರುವುದು ಇಲ್ಲಿ. ಸ್ನಾಯು ಮೇಲೆತ್ತಲಾಗದ ಭಾರವನ್ನೂ ತಡೆದು ಇಳಿಸಬಲ್ಲದು. ಭದ್ರವಾದ ನಾಲ್ಕು ಕಾಲಿನ ಮರದ ಸ್ಟೂಲ್ ಇಟ್ಟು ಅದರ ಮೇಲೆ ನಿಂತು ಗಲ್ಲ ಬಾರ್‌ಗಿಂತ ಮೇಲೆ ಬರುವಂತೆ ಹಿಡಿಯಿರಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಟೈಲ್ಸ್ ಮೇಲೆ ಅದರ ಕಾಲು ಜಾರುತ್ತದೆ. ಕಾಲು ಮಡಚಿ 5 ಎಣಿಸುತ್ತಾ ಮೊಣಕೈ ಪೂರ್ತಿ ನೇರವಾಗುವವರೆಗೆ ಇಳಿಯಿರಿ. ಮತ್ತೆ ಸ್ಟೂಲ್ ಹತ್ತಿ. 3 ಇಳಿತ, ಮೂರು ಸುತ್ತು, ಸುತ್ತಿನ ನಡುವೆ 2 ನಿಮಿಷ ವಿಶ್ರಾಂತಿ. ಮೊದಲ ಅರ್ಧ ನಿಧಾನವಾಗಿ ಇಳಿದು ಕೊನೆಯ ಅರ್ಧ ದಬಕ್ಕನೆ ಬೀಳುವುದು ಎಲ್ಲರೂ ಮಾಡುವ ತಪ್ಪು. ಆ ಜರ್ಕಿನಿಂದಲೇ ಮೊಣಕೈ ಕೆಡುವುದು, ಕಪ್‌ನ ಸ್ಕ್ರೂ ಸಡಿಲವಾಗುವುದು. ಇಳಿತ 8 ಸೆಕೆಂಡಿಗೆ ಏರಿ, ಸುತ್ತಿಗೆ 5 ಮಾಡಲಾದರೆ ಮೊದಲ ಚಿನ್-ಅಪ್ ಹತ್ತಿರದಲ್ಲಿದೆ. ಮೈತೂಕ ನೋಡಿಕೊಂಡು ಇದಕ್ಕೆ ಒಂದೂವರೆ ತಿಂಗಳಿಂದ ಮೂರ್ನಾಲ್ಕು ತಿಂಗಳು ಹಿಡಿಯಬಹುದು.

ಇದರ ಜೊತೆಗೆ ಒಂದು ಪಾದವನ್ನು ಸ್ಟೂಲ್ ಮೇಲಿಟ್ಟು, ಬೇಕಾದಷ್ಟೇ ನೂಕುತ್ತಾ ಪೂರ್ತಿ ಎಳೆತ ಅಭ್ಯಾಸ ಮಾಡಬಹುದು. ರಬ್ಬರ್ ಬ್ಯಾಂಡ್ ಕಟ್ಟಿ ಮೊಣಕಾಲು ಸಿಕ್ಕಿಸುವ ವಿಧಾನವೂ ಇದೆ. ಆದರೆ ಬ್ಯಾಂಡ್ ನೆರವಾಗುವುದು ಕೆಳಗೆ, ಬಹಳ ಜನರಿಗೆ ಕಷ್ಟವಾಗುವುದು ಮೇಲೆ. ಜೊತೆಗೆ ಕಾಲಿನಿಂದ ಕಳಚಿದ ಬ್ಯಾಂಡ್ ಮುಖಕ್ಕೆ ರಾಚುತ್ತದೆ. ಸ್ಟೂಲೇ ಮೇಲು.

85 ಕೆಜಿ ದಾಟಿದವರು ಒಂದೆರಡು ತಿಂಗಳು ಅಡ್ಡ ಎಳೆತ ಮಾಡಿ ಆಮೇಲೆ ಇಳಿತಕ್ಕೆ ಬರುವುದು ಮೊಣಕೈಗೆ ಕ್ಷೇಮ. ಅದಕ್ಕೆ ನೆಲದಿಂದ 3 ಅಡಿ ಎತ್ತರದಲ್ಲಿ ಇನ್ನೊಂದು ಜೊತೆ ಕಪ್ ಹಾಕಿ, ಬಾರ್ ಅಲ್ಲಿಗೆ ಇಳಿಸಿ. ಕೆಳಗೆ ಮಲಗಿದಂತೆ ಹಿಡಿದು, ಹಿಮ್ಮಡಿ ನೆಲಕ್ಕೂರಿ, ಮೈಯನ್ನು ಹಲಗೆಯಂತೆ ನೇರ ಇಟ್ಟು ಎದೆಯನ್ನು ಬಾರ್‌ಗೆ ತನ್ನಿ. ಇಲ್ಲಿ ಎಳೆತ ಓರೆಯಾಗಿ ಬೀಳುವುದರಿಂದ ಕಪ್ ಇಲ್ಲದೆ ಬರೀ ಬಿಗಿತದ ಮೇಲೆ ಮಾಡಲೇಬಾರದು. 10ರಂತೆ ಮೂರು ಸುತ್ತು ಆರಾಮಾಗಿ ಬಂದಾಗ ಮೇಲಿನ ಕಪ್‌ಗೆ ಹೋಗಿ.

ಸರಿಯಾದ ಒಂದು ಎಳೆತ

ಹಿಡಿಯಿರಿ, ಕಾಲು ಮಡಚಿ, ಪಾದಗಳನ್ನು ಒಂದರ ಮೇಲೊಂದು ಹೆಣೆಯಿರಿ. ಪೃಷ್ಠ ಮತ್ತು ಹೊಟ್ಟೆ ಬಿಗಿ ಮಾಡಿ. ಸೊಂಟ ಸಡಿಲ ಬಿಟ್ಟರೆ ಮೈ ತೂಗಾಡುತ್ತದೆ. ಭುಜ ಇಳಿಸಿ. ಈಗ ಗಲ್ಲ ಮೇಲೆತ್ತುವ ಯೋಚನೆ ಬಿಟ್ಟು ಮೊಣಕೈಗಳನ್ನು ಪಕ್ಕೆಲುಬಿನ ಕಡೆಗೆ ಇಳಿಸಿ. ಉಸಿರು ಬಿಡುತ್ತಾ ಮೇಲೇರಿ, ಗಲ್ಲ ದಾಟಿದ ಮೇಲೆ ಒಂದು ಕ್ಷಣ ನಿಂತು, 2-3 ಸೆಕೆಂಡಿನಲ್ಲಿ ಇಳಿದು, ಮೊಣಕೈ ಪೂರ್ತಿ ನೇರ ಮಾಡಿ. ಕುತ್ತಿಗೆ ಚಾಚಿ ಗಲ್ಲ ಮುಟ್ಟಿಸಿದ್ದು, ಅರ್ಧಕ್ಕೇ ಇಳಿದು ಮತ್ತೆ ಎಳೆದದ್ದು ಎಣಿಕೆಗೆ ಬೇಡ. ಭರ್ತಿಯ ಮೈದಾನದಲ್ಲಿಯೂ ಅದು ಲೆಕ್ಕಕ್ಕಿಲ್ಲ.

ಒಂದು ಬಂದ ಮೇಲೆ ಎರಡಕ್ಕೆ ಹೋಗಲು ಒಂದೇ ಸಲ ದಣಿಯುವವರೆಗೆ ಎಳೆಯುವುದಕ್ಕಿಂತ ದಿನದಲ್ಲಿ ನಾಲ್ಕೈದು ಸಲ, ಗಂಟೆಗಟ್ಟಲೆ ಅಂತರ ಬಿಟ್ಟು, ಒಂದೊಂದೇ ಎಳೆಯುವುದು ಫಲ ಕೊಡುತ್ತದೆ. ಬಾರ್ ಮನೆಯಲ್ಲೇ ಇರುವುದರ ನಿಜವಾದ ಲಾಭ ಇದು, ಜಿಮ್‌ನಲ್ಲಿ ಇದಕ್ಕೆ ಅವಕಾಶವಿಲ್ಲ. 4 ಎಳೆಯಬಲ್ಲವರು ಪ್ರತಿ ಸಲ 2, 8 ಬಲ್ಲವರು 4; ಶಕ್ತಿಯ ಅರ್ಧಕ್ಕೆ ನಿಲ್ಲಿಸಿ. ಹೀಗೆ ಮಾಡುವ ವಾರಗಳಲ್ಲೂ ಎರಡು ದಿನ ಪೂರ್ತಿ ಬಿಡುವು ಕೊಡಿ. 5 ತಲುಪಿದ ಮೇಲೆ ಅಂಗೈ ಆಚೆ ತಿರುಗಿಸಿ ಪುಲ್-ಅಪ್‌ಗೆ ಹೋಗಿ. ಸಂಖ್ಯೆ ಒಂದೆರಡು ಇಳಿದರೆ ಗಾಬರಿ ಬೇಡ.

ಹೊಟ್ಟೆಗೆ ಮೊಣಕಾಲು ಎತ್ತುವುದು ಚೆನ್ನ: ಜೋತುಬಿದ್ದು ಎರಡೂ ಮೊಣಕಾಲನ್ನು ಹೊಕ್ಕಳ ಮಟ್ಟಕ್ಕೆ ನಿಧಾನಕ್ಕೆ ತಂದು ನಿಧಾನಕ್ಕೆ ಇಳಿಸಿ, 8 ಸಲ. ಮೈ ಬೀಸಿ ಎಳೆಯುವ ಕಿಪ್ಪಿಂಗ್, ಬಾರ್ ಮೇಲೆ ಹತ್ತುವ ಮಸಲ್-ಅಪ್, ತಲೆಕೆಳಗಾಗಿ ನೇತಾಡುವುದು ಬಾಗಿಲ ಬಾರ್‌ನಲ್ಲಿ ಖಡಾಖಂಡಿತ ಇಲ್ಲ. ತಲೆಕೆಳಗಾದಾಗ ಬಾರ್ ಜಾರಿದರೆ ಮೊದಲು ನೆಲಕ್ಕೆ ಬಡಿಯುವುದು ತಲೆ ಮತ್ತು ಕುತ್ತಿಗೆ.

ನೋವು ಏನು ಹೇಳುತ್ತದೆ

ಮಾರನೆಯ ದಿನ ಬೆನ್ನು, ಕಂಕುಳ ಕೆಳಗೆ, ತೋಳಿನಲ್ಲಿ ಮಂದ ನೋವು ಸಹಜ, ಎರಡು ಮೂರು ದಿನಕ್ಕೆ ಇಳಿಯುತ್ತದೆ. ಎಚ್ಚರ ಬೇಕಾದದ್ದು ಮೊಣಕೈಯ ಒಳಬದಿಯ ಮೂಳೆಯ ಹತ್ತಿರ ಚುಚ್ಚುವ ನೋವಿಗೆ. ಬೀಗದ ಕೈ ತಿರುಗಿಸುವಾಗ, ತುಂಬಿದ ಬಿಂದಿಗೆ ಎತ್ತುವಾಗ ಅದು ಕಾಣಿಸಿಕೊಳ್ಳುತ್ತದೆ. ಸ್ನಾಯು ಕೆಲವೇ ವಾರಗಳಲ್ಲಿ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟುವ ನಾರು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಸಂಖ್ಯೆ ಬೇಗ ಏರಿಸಿದವರಿಗೆ ಈ ನೋವು ಬರುವುದು ಅದಕ್ಕೇ. ಒಂದೆರಡು ವಾರ ಎಳೆತ ನಿಲ್ಲಿಸಿ, ಮತ್ತೆ ಶುರುಮಾಡುವಾಗ ಅರ್ಧ ಸಂಖ್ಯೆಯಿಂದ ಬನ್ನಿ. ಬಾರ್ ಮೇಲೆ ಎರಡು ಗಟ್ಟಿ ಟವೆಲ್ ಇಳಿಬಿಟ್ಟು, ಅಂಗೈಗಳು ಒಂದಕ್ಕೊಂದು ಎದುರಾಗುವಂತೆ ಹಿಡಿದು ಎಳೆದರೆ ಮೊಣಕೈ ತಿರುಚುವುದು ಕಡಿಮೆಯಾಗುತ್ತದೆ.

ಜೋತುಬಿದ್ದಾಗಲೇ ಭುಜದ ಮುಂಭಾಗದಲ್ಲಿ ಚುಚ್ಚಿದರೆ, ಬೆರಳು ಜೋಮು ಹಿಡಿದರೆ, ಕುತ್ತಿಗೆಯಿಂದ ತೋಳಿಗೆ ನೋವು ಇಳಿದರೆ ನಿಲ್ಲಿಸಿ ಫಿಸಿಯೋಥೆರಪಿಸ್ಟ್ ಅಥವಾ ಮೂಳೆ ವೈದ್ಯರಿಗೆ ತೋರಿಸಿ. ಹಿಂದೆ ಭುಜ ಜಾರಿದವರು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು ಶುರುಮಾಡುವ ಮೊದಲೇ ಕೇಳುವುದು ಒಳ್ಳೆಯದು. ಉಸಿರು ಕಟ್ಟಿ ಎಳೆದಾಗ ಒತ್ತಡ ತಟ್ಟನೆ ಏರುತ್ತದೆ.

ಬಾರ್‌ನ ಆರೈಕೆ

ಬಳಸುವ ಮೊದಲು ಪ್ರತಿ ಸಲ ಬಾರ್ ಅನ್ನು ಎರಡು ಕೈಯಿಂದ ಹಿಡಿದು ತಿರುಗಿಸಲು ನೋಡಿ, ತಿರುಗಿದರೆ ಬಿಗಿಸಿ. ವಾರಕ್ಕೊಮ್ಮೆ ಪೆನ್ಸಿಲ್ ಗೆರೆ, ತಿಂಗಳಿಗೊಮ್ಮೆ ಸ್ಕ್ರೂ. ಮರ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಮಲೆನಾಡಿನಲ್ಲಿ ಆಷಾಢದಲ್ಲಿ ಬಿಗಿಸಿದ ಬಾರ್ ಮಾರ್ಚ್ ಹೊತ್ತಿಗೆ ಸಡಿಲವಾಗಿರಬಹುದು. ಬೇಸಿಗೆಯಲ್ಲಿ ಬಿಗಿಸಿದ್ದನ್ನು ಮಳೆಗಾಲದಲ್ಲಿ ಕಳಚಲು ಹೆಣಗಬೇಕಾದೀತು. ಕರಾವಳಿಯ ಉಪ್ಪುಗಾಳಿಗೆ ಕ್ರೋಮ್ ಲೇಪ ಬೇಗ ಬೊಬ್ಬೆಯೇಳುತ್ತದೆ. ಬೆವರು ಒರೆಸಿ, ಥ್ರೆಡ್‌ಗೆ ಎರಡು ತಿಂಗಳಿಗೊಮ್ಮೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಹಾಕಿ. ಎಣ್ಣೆ ಕೈಹಿಡಿಯುವ ಜಾಗಕ್ಕೂ ಪ್ಯಾಡ್‌ಗೂ ತಾಗಬಾರದು. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಕೊಳವೆ ನಡುವಿನಲ್ಲಿ ಬಾಗಿದ್ದರೆ, ಥ್ರೆಡ್ ಎಲ್ಲಾದರೂ ಹಾರುತ್ತಿದ್ದರೆ ಆ ಬಾರ್ ಗುಜರಿಗೆ. ಅದನ್ನು ಪಕ್ಕದ ಮನೆಯ ಹುಡುಗನಿಗೆ ಕೊಡಬೇಡಿ.